ಬ್ಯಾಂಡಿಗೆ ಸುಮ್ಮನಿರಲು ಕಲಿಸಿದವರು

ನಮ್ಮ ಮಾಳಿಗೆಗೆ ಬಂದಿಳಿದ ಹಿರಿಯರು ಎಸ್ಟೋನಿಯಾದವರು ಎಂದು ನಾನು ಹೇಳಿದ ದಿನವೇ ನಮ್ಮ ಓಣಿಯಲ್ಲಿ ಅವರ ಬಗ್ಗೆ ತೀರ್ಮಾನವಾಗಿಹೋಯಿತು. ಹೆಸರಿನಲ್ಲೇ ಸ್ಟೋನ್ ಇದೆ. ಅಂದಮೇಲೆ ಗ್ರಾನೈಟ್ ಖರೀದಿಗೆ ಬಂದವರು. ಮರುದಿನ ಬೆಳಿಗ್ಗೆ ದೇವದುರ್ಗದ ಕಡೆಯ ದಲ್ಲಾಳಿಯೊಬ್ಬ ಆರು ಕಲ್ಲಿನ ತುಂಡುಗಳನ್ನು ಟವೆಲಿನಲ್ಲಿ ಗಂಟು ಕಟ್ಟಿಕೊಂಡು ನಮ್ಮ ಮೆಟ್ಟಿಲ ಮೇಲೆ ಕೂತಿದ್ದ. ಅವರು ಇಳಿದು ಬಂದರು. ಒಂದೊಂದೇ ತುಂಡನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಬೆರಳಿನ ಗೆಣ್ಣಿನಿಂದ ಬಡಿದರು. ಐದನ್ನು ಪಕ್ಕಕ್ಕಿಟ್ಟರು. ಆರನೆಯದನ್ನು ಎರಡು ಸಲ ಬಡಿದು, ಕಣ್ಣು ಮುಚ್ಚಿ, "ಗುಡ್" ಎಂದರು.

ದಲ್ಲಾಳಿಗೆ ಬೆವರೊಡೆಯಿತು. "ಇಪ್ಪತ್ತು ವರ್ಷದಾಗ ಹಿಂಗ ಕಲ್ಲು ಪರೀಕ್ಷೆ ಮಾಡಿದವ್ರನ್ನ ನೋಡಿಲ್ರಿ ಸರ್. ಭಾರಿ ಪಾರ್ಟಿ ಅದ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಅವರು ಕಲ್ಲು ಕೊಳ್ಳುವವರಲ್ಲ, ಸಂಗೀತ ಕಲಿಸುವವರು ಎಂದೆ. ಅವನು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿ ಗಂಟು ಕಟ್ಟಿದ. ಹೋಗುವಾಗ ಆ ಆರನೆಯ ತುಂಡನ್ನು ಮಾತ್ರ ಮೆಟ್ಟಿಲ ಮೇಲೇ ಬಿಟ್ಟ. "ಇರ್ಲಿ ಬಿಡ್ರಿ, ಗುಡ್ ಅಂದಾರಲ್ಲ."

ಅವರ ಮಗಳು ಹತ್ತಿಗಿಡದ ಬೇರಿನ ರೋಗದ ಮೇಲೆ ಸಂಶೋಧನೆ ಮಾಡುವವಳು. ಎರಡು ವರ್ಷದ ಕೆಲಸಕ್ಕೆಂದು ರಾಯಚೂರಿಗೆ ಬಂದು ನಮ್ಮ ಮನೆಯ ಮಾಳಿಗೆ ಹಿಡಿದಿದ್ದಳು. ತಾಯಿ ತೀರಿಕೊಂಡು ವರ್ಷವಾಗಿತ್ತು; ತಂದೆಯನ್ನು ಜೊತೆಗೆ ಕರೆತಂದಿದ್ದಳು. ಅವರು ತಮ್ಮ ದೇಶದ ದೊಡ್ಡ ಸಂಗೀತ ಶಾಲೆಯಲ್ಲಿ ನಲವತ್ತು ವರ್ಷ ಸಂಗೀತ ರಚನೆ ಕಲಿಸಿದವರು. ಸ್ವತಃ ಐದು ಸಿಂಫನಿ ಬರೆದಿದ್ದರು. ಅಂದರೆ ನೂರು ಜನ ಕೂತು ಮುಕ್ಕಾಲು ಗಂಟೆ ನುಡಿಸುವಂಥವು. ಐದನೆಯದನ್ನು ಒಂದೇ ಸಲ ನುಡಿಸಿದರಂತೆ, ಅದೂ ನಿರ್ದೇಶಕನಿಗೆ ನೆಗಡಿಯಾಗಿದ್ದ ದಿನ. "ಸಭಿಕರಿಗೆ ಅವನ ಸೀನು ಹೆಚ್ಚು ನೆನಪಿದೆ," ಎನ್ನುತ್ತಿದ್ದರು. ಹೆಂಡತಿ ಹೋದಮೇಲೆ ಒಂದು ಸಾಲೂ ಬರೆದಿರಲಿಲ್ಲ. ಮಾಳಿಗೆಯ ಮೇಜಿನ ಮೇಲೆ ಗೆರೆ ಹಾಕಿದ ಖಾಲಿ ಹಾಳೆಗಳಿರುತ್ತಿದ್ದವು. ಅವುಗಳ ಮೇಲೆ ನನ್ನ ಹೆಂಡತಿ ಮಜ್ಜಿಗೆ ಲೋಟ ಇಟ್ಟು ಬರುತ್ತಿದ್ದಳು.

ಬಂದದ್ದು ನವೆಂಬರಿನಲ್ಲಿ, ಉಣ್ಣೆ ಕೋಟು ಹಾಕಿಕೊಂಡು. ನಾಲ್ಕು ದಿನ ಕಳೆದಮೇಲೆ ನನ್ನನ್ನು ಕೇಳಿದರು: "ಇಲ್ಲಿ ಚಳಿಗಾಲ ಯಾವಾಗ ಶುರುವಾಗುತ್ತದೆ?" ಇದೇ ಚಳಿಗಾಲ ಎಂದೆ. ಮೇಲೆ ಹೋಗಿ ಕೋಟನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದರು.

ಅವರಿಗೆ ಇಲ್ಲಿ ಮೊದಲು ಹಿಡಿಸಿದ್ದು ಕಟಕ್ ರೊಟ್ಟಿ. ರುಚಿಗಲ್ಲ, ಸಪ್ಪಳಕ್ಕೆ. ಒಣಗಿದ ಜೋಳದ ರೊಟ್ಟಿಯನ್ನು ಮುರಿದು ತಲೆಯಾಡಿಸುವುದು, ಇನ್ನೊಂದು ಮುರಿದು ಹುಬ್ಬು ಗಂಟಿಕ್ಕುವುದು. "ಇವ್ರು ಉಣ್ಣಾಕ ಕುಂತಾರೋ, ಬಾರ್ಸಾಕ ಕುಂತಾರೋ?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಬಡಿಸಲು ಹೋದಾಗ ಅವಳಿಂದ ಕಲಿತ "ಸಾಕು" ಎಂಬುದು ಅವರ ಮೊದಲ ಕನ್ನಡ ಪದ. ಬಹಳ ದಿನ ಅದೊಂದರಲ್ಲೇ ಸಂಸಾರ ನಡೆಸಿದರು. ಉಳಿದದ್ದಕ್ಕೆ ನಾನು. ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನಾದ್ದರಿಂದ ಇಡೀ ಓಣಿ ನನ್ನನ್ನು ದುಭಾಷಿಯಾಗಿ ನೇಮಿಸಿತ್ತು. ನನ್ನದು ವ್ಯಾಕರಣದ ಇಂಗ್ಲಿಷ್, ಅವರದು ಉಸಿರಿಗೆ ಸಿಕ್ಕಷ್ಟು. ಎರಡೂ ಎಲ್ಲೋ ನಡುದಾರಿಯಲ್ಲಿ ಭೇಟಿಯಾಗುತ್ತಿದ್ದವು.

ಒಂದು ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ನಮ್ಮ ಓಣಿಯ ತುದಿಯಲ್ಲಿ ಮದುವೆಯ ಬ್ಯಾಂಡು ಹಾದುಹೋಯಿತು. ಅರ್ಧ ಗಂಟೆಯ ಮೇಲೆ ಮಗಳು ಕೆಳಗಿಳಿದು, ಅಪ್ಪ ಕಾಣುತ್ತಿಲ್ಲ ಎಂದಳು. ಸ್ಟೇಷನ್ ರಸ್ತೆಯವರೆಗೆ ಹುಡುಕಿದೆ. ಕೊನೆಗೆ ಸಿಕ್ಕದ್ದು ಒಂದು ಶಾದಿಮಹಲಿನಲ್ಲಿ. ಬನಿಯನ್ನು, ಪಟ್ಟೆ ಪಟ್ಟೆ ಪೈಜಾಮದಲ್ಲಿ ಮೊದಲ ಪಂಕ್ತಿಗೇ ಕೂತಿದ್ದರು. ಒಂದು ಕಡೆ ಹುಡುಗನ ಚಿಕ್ಕಪ್ಪ, ಇನ್ನೊಂದು ಕಡೆ ಹುಡುಗಿಯ ಮಾವ, ಇಬ್ಬರೂ ಪೈಪೋಟಿಯಲ್ಲಿ ಬಿರಿಯಾನಿ ಬಡಿಸುತ್ತಿದ್ದರು. ಆ ಕಡೆಯವರ ಅತಿಥಿಯೆಂದು ಇವರೂ, ಈ ಕಡೆಯವರ ಅತಿಥಿಯೆಂದು ಅವರೂ ತಿಳಿದಿದ್ದರು. ನನ್ನನ್ನು ಕಂಡು ನಮ್ಮ ಮಾಳಿಗೆಯವರು ಹೇಳಿದ್ದು ಒಂದೇ ಮಾತು: "ಆ ವಾದ್ಯವೃಂದದವರ ಬಳಿ ನನ್ನನ್ನು ಕರೆದುಕೊಂಡು ಹೋಗಿ."

ವಾದ್ಯವೃಂದದ ಯಜಮಾನರು ಮಹಬೂಬ್ ಸಾಬರು. ಅವರಪ್ಪ ಕಟ್ಟಿದ ಬ್ಯಾಂಡು, ಅವರಲ್ಲದೆ ಹನ್ನೊಂದು ಮಂದಿ, ಜರಿಯ ಅಂಚಿನ ಕೆಂಪು ಕೋಟು. ಅಂಗಡಿಗೆ ನಾವು ಹೋದಾಗ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುತ್ತಿದ್ದರು. ನಾನು ಪರಿಚಯ ಹೇಳಿದೆ. ಐದು ಸಿಂಫನಿಯ ವಿಷಯ ಕೇಳಿ ಸಾಬರು ತಿಕ್ಕುವುದನ್ನು ನಿಲ್ಲಿಸಿದರು.

"ಒಂದೊಂದು ಮುಕ್ಕಾಲು ತಾಸಾ? ಮತ್ತ ಬೀಗರು ಊಟಕ್ಕ ಯಾವಾಗ ಏಳ್ತಾರ್ರಿ?"

ಅನುವಾದಿಸಿದೆ. ಅವರು, ಅದು ತಮ್ಮ ದೇಶದಲ್ಲಿ ಯಾರೂ ಕೇಳದ ಪ್ರಶ್ನೆ, ಆದರೆ ಸರಿಯಾದ ಪ್ರಶ್ನೆ ಎಂದರು. ಅವತ್ತಿನಿಂದ ಬ್ಯಾಂಡಿನವರಿಗೆ ಅವರು ಉಸ್ತಾದರಾದರು.

ಎಲ್ಲರೂ ಒಂದು ಹಾಡು ನುಡಿಸಿದರು. ಮಹಬೂಬ್ ಸಾಬರು ಮುಂದೆ ನಿಂತು ಕೆನ್ನೆಯುಬ್ಬಿಸಿ ಕಾರ್ನೆಟ್ ಊದಿದರು. ಉಸ್ತಾದರು ಒಬ್ಬೊಬ್ಬರ ಬಳಿಯೂ ಹೋಗಿ ವಾದ್ಯಕ್ಕೆ ಕಿವಿಗೊಟ್ಟರು. ಸಾಬರ ಬಳಿ ಬಂದವರು ಅಲ್ಲೇ ನಿಂತುಬಿಟ್ಟರು. ಹಾಡು ಮುಗಿದಮೇಲೆ ಉಳಿದವರನ್ನು ಚಹಾಕ್ಕೆ ಕಳಿಸುವಂತೆ ನನಗೆ ಹೇಳಿದರು. ಅಂಗಡಿಯಲ್ಲಿ ನಾವು ಮೂವರೇ ಉಳಿದೆವು.

"ಇವರ ವಾದ್ಯದೊಳಗೆ ಗಾಳಿಯೇ ಹೋಗುತ್ತಿಲ್ಲ," ಎಂದರು ಮೆಲ್ಲಗೆ.

ನಾನದನ್ನು ಹೇಗೆ ಕನ್ನಡಕ್ಕೆ ತರಲಿ ಎಂದು ತಡವರಿಸುತ್ತಿದ್ದೆ. ಸಾಬರಿಗೆ ಅನುವಾದ ಬೇಕಾಗಲಿಲ್ಲ. ಕುರ್ಚಿಯ ಮೇಲೆ ಕೂತು, ಬಾಯಿಗೆ ಬೆರಳು ಹಾಕಿ, ಮುಂದಿನ ನಾಲ್ಕು ಹಲ್ಲುಗಳ ಕಟ್ಟನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು.

"ಎರಡು ವರ್ಷ ಆತ್ರಿ ಸರ್, ಊದಾಕ ಬರವಲ್ದು. ಸುಮ್ನ ಹಿಡ್ಕೊಂಡು ನಿಂದರ್ತೀನಿ. ಹಿರೇಕೊಟ್ನೆಕಲ್ ಮದುವ್ಯಾಗ ಜೋರ್ ಮಾಡಿ ಊದಾಕ ಹೋದ್ರ ಈ ಕಟ್ಟು ಹಾರಿ ಹೋಗಿ ಅಕ್ಷತಾ ತಟ್ಯಾಗ ಬಿತ್ತು. ಹೆಂಗೋ ತಿರುಗಿ ನನ್ನ ಜೇಬಿಗೆ ಬಂತು, ಯಾರೂ ನೋಡಲಿಲ್ಲ, ಅಲ್ಲಾನ ದಯಾ. ಮನ್ಯಾಗ ಗೊತ್ತಿಲ್ಲ, ಬ್ಯಾಂಡಿನವ್ರಿಗೆ ಗೊತ್ತಿಲ್ಲ. ಯಜಮಾನಗ ಊದಾಕ ಬರಂಗಿಲ್ಲಂದ್ರ ಯಾರ್ ಕೇಳ್ತಾರ್ರಿ ನನ್ನ ಮಾತು? ಮೊದ್ಲ ಎಲ್ಲಾರು ಡಿಜೆ ಡಿಜೆ ಅಂತಾರ. ಈ ಸೀಜನ್ ಮುಗೀಲಿ, ಈ ಹಿತ್ತಾಳಿ ಎಲ್ಲಾ ಗುಜರಿಗೆ ಹಾಕಿಬಿಡ್ತೀನಿ."

ಉಸ್ತಾದರು ಅವರ ಅಂಗೈ ನೋಡಲಿಲ್ಲ, ತೋಳು ನೋಡಿದರು. ಸಾಬರು ಎತ್ತರದ ಆಳು, ತೋಳು ಉದ್ದ. "ಕೈ ಚೆನ್ನಾಗಿವೆ," ಎಂದರು. "ನಾಳೆಯಿಂದ ಊದುವುದು ಬೇಡ. ಎದುರಿಗೆ ನಿಂತು ಕೈಯಾಡಿಸಿ. ನಮ್ಮಲ್ಲಿ ಹಾಗೆ ನಿಲ್ಲುವವನಿಗೇ ಎಲ್ಲರಿಗಿಂತ ಹೆಚ್ಚು ಮರ್ಯಾದೆ."

"ನಿಂತು ಕೈ ಬೀಸೋದು ಟ್ರಾಫಿಕ್ ಪೊಲೀಸನ ಕೆಲ್ಸರಿ ಉಸ್ತಾದ್," ಎಂದರು ಸಾಬರು. ಆದರೆ ಹಲ್ಲಿನ ಕಟ್ಟನ್ನು ಮತ್ತೆ ಬಾಯಿಗೆ ಹಾಕಿಕೊಳ್ಳಲಿಲ್ಲ, ಜೇಬಿಗೆ ಹಾಕಿಕೊಂಡರು.

ಅಭ್ಯಾಸ ಶುರುವಾಯಿತು. ನಾಲ್ಕು ತಿಂಗಳು, ವಾರಕ್ಕೆ ಮೂರು ಬೆಳಿಗ್ಗೆ. ಬ್ಯಾಂಡಿನವರಿಗೆ ಸ್ವರಲಿಪಿ ಓದಲು ಬಾರದು. ಉಸ್ತಾದರು ಹಾಳೆಯನ್ನು ತರಲೇ ಇಲ್ಲ. ಬಾಯಲ್ಲಿ ಹಾಡಿ ಒಬ್ಬೊಬ್ಬರಿಗೇ ಕೊಟ್ಟರು. ಹೆಂಡತಿ ಹೋದಮೇಲೆ ಅವರು ಮಾಡಿದ ಮೊದಲ ರಚನೆ ಅದು ಎಂದು ಮಗಳು ನನಗೆ ಮೆಟ್ಟಿಲ ಬಳಿ ಹೇಳಿದಳು, ಯಾರಿಗೂ ಕೇಳಿಸಬಾರದೆಂಬಂತೆ. ಬ್ಯಾಂಡಿನವರು ಜೋರಾಗಿ ನುಡಿಸಿದರೆ ಅವರು ಊಟಕ್ಕೆ ಕೂತವರಂತೆ ಅಂಗೈ ಅಡ್ಡ ಹಿಡಿದು "ಸಾಕು" ಎನ್ನುತ್ತಿದ್ದರು. ದೊಡ್ಡ ಡೋಲಿನವನಿಗಂತೂ ಇಡೀ ದಿನ ಸಾಕು, ಸಾಕು. "ಸರ್, ನಾ ಇನ್ನೂ ಬಾರ್ಸೇ ಇಲ್ಲ," ಎಂದು ಅವನು ನನ್ನ ಬಳಿ ದೂರು ಕೊಟ್ಟ. ಗೊತ್ತು, ಆದರೆ ಅವನು ಬಾರಿಸಬೇಕೆಂದುಕೊಂಡಿದ್ದಾನೆ ಎಂದರು ಉಸ್ತಾದರು.

ಕಷ್ಟವಿದ್ದದ್ದು ಬೇರೆಯದರಲ್ಲಿ. ಮದುವೆಯ ಬ್ಯಾಂಡು ಕೂತು ನುಡಿಸುವುದಿಲ್ಲ, ನಡೆಯುತ್ತ ನುಡಿಸುತ್ತದೆ. ಎದುರಿಗೆ ನಿಂತು ಕೈಯಾಡಿಸುವವನು ಹಿಮ್ಮುಖವಾಗಿ ನಡೆಯಬೇಕು. ಅದೂ ನಮ್ಮ ರಸ್ತೆಗಳಲ್ಲಿ. ಮೊದಲ ದಿನ ಸಾಬರು ಎಮ್ಮೆಯ ಮೇಲೆ ಕೂತರು. ಎರಡನೆಯ ದಿನ ಕಲ್ಲಂಗಡಿ ಬಂಡಿಯ ಮೇಲೆ. ಮೂರನೆಯ ದಿನದಿಂದ ಅವರ ಕೋಟಿನ ತುದಿ ಹಿಡಿದು "ಎಡಕ್ಕ ಗುಂಡಿ ಅದ, ಬಲಕ್ಕ ಬರ್ರಿ" ಎನ್ನುವ ಕೆಲಸ ನನಗೆ ಬಂತು. ಸಂಗೀತಕ್ಕೆ ನಾನು ಸಲ್ಲಿಸಿದ ಸೇವೆ ಇಷ್ಟೇ.

ರಚನೆ ಮೊದಲು ಜನರ ಎದುರಿಗೆ ಬಂದದ್ದು ದೇವದುರ್ಗದ ಒಂದು ಮದುವೆಯಲ್ಲಿ. ಬೆಳಗಿನ ಮೆರವಣಿಗೆ, ಮದುಮಗ ಬಿಳಿ ಕುದುರೆಯ ಮೇಲೆ. ಕ್ಲಾರ್ನೆಟ್ ಒಂದು ಮಾತು ಕೇಳುತ್ತದೆ, ಡೋಲು ಉತ್ತರ ಕೊಡುತ್ತದೆ. ಮತ್ತೆ ಕೇಳುತ್ತದೆ, ಉತ್ತರ ಸಣ್ಣದಾಗುತ್ತದೆ. ಹೀಗೆ ಸಣ್ಣಗಾಗುತ್ತ ಬಂದು, ಸಾಬರ ಕೈ ಮೇಲೇಳುತ್ತಲೇ ಎಲ್ಲ ನಿಲ್ಲಬೇಕು. ಆ ಕೈ ಇಳಿಯುವ ತನಕ ಯಾರೂ ಉಸಿರೆತ್ತುವಂತಿಲ್ಲ. ಇಳಿದಾಗ ಹನ್ನೊಂದೂ ಮಂದಿ ಒಟ್ಟಿಗೆ.

ಕೈ ಮೇಲೆದ್ದಿತು. ಎಲ್ಲ ನಿಂತಿತು. ವಾದ್ಯದ ಸಪ್ಪಳಕ್ಕೇ ಹೆಜ್ಜೆ ಹಾಕಿ ರೂಢಿಯಾದ ಕುದುರೆಯೂ ನಿಂತಿತು. ಅದು ನಮ್ಮ ಲೆಕ್ಕದಲ್ಲಿ ಇರಲಿಲ್ಲ.

ಮದುಮಗನ ಸೋದರಮಾವ ಜನರನ್ನು ಸೀಳಿಕೊಂಡು ಬಂದ. "ಯಾಕ ನಿಂತ್ರಿ? ಯಾರಾರ ಸತ್ತಾರೇನು? ಬಾರಸ್ರಿ!"

ಸಾಬರು ತಿರುಗಲಿಲ್ಲ. ಬಲಗೈ ಮೇಲೆಯೇ ಇತ್ತು. ಎಡಗೈಯ ಬೆರಳನ್ನು ತುಟಿಯ ಮೇಲಿಟ್ಟುಕೊಂಡರು, ಅಷ್ಟೇ. ಆ ಸೋದರಮಾವ, ಊರಲ್ಲಿ ಯಾರ ಮಾತಿಗೂ ಬಗ್ಗದವನಂತೆ, ಬಾಯಿ ತೆರೆದಿದ್ದಂತೆಯೇ ಸುಮ್ಮನಾದ. ಹಿಂದಿದ್ದ ಹೆಂಗಸರು ಸುಮ್ಮನಾದರು. ಪಾನ್ ಡಬ್ಬಿ ಅಂಗಡಿಯವನು ರೇಡಿಯೋ ಆರಿಸಿದ. ಇಡೀ ಬಜಾರು ಆ ಕೈಯನ್ನೇ ನೋಡುತ್ತಿತ್ತು. ಆಗ ದೂರದಲ್ಲಿ, ರಸ್ತೆಯ ಆಚೆ, ಯಾರೋ ಹೆಂಗಸು ಕುರಿ ಕರೆಯುವ ದನಿ ಕೇಳಿಸಿತು. ಎತ್ತರದಲ್ಲಿ ಶುರುವಾಗಿ ಮೆಲ್ಲನೆ ಜಾರಿ ನೆಲಕ್ಕಿಳಿಯುವ ದನಿ.

ಸಾಬರು ಕೈ ಇಳಿಸಿದರು. ಹನ್ನೊಂದು ವಾದ್ಯ ಒಮ್ಮೆಗೇ ಸಿಡಿದವು. ಕುದುರೆ ನಾಲ್ಕೂ ಕಾಲೆತ್ತಿ ಜಿಗಿಯಿತು. ಮದುಮಗ ಅದರ ಕುತ್ತಿಗೆ ತಬ್ಬಿಕೊಂಡ. ಅವನ ಪೇಟ ಹಾರಿ ಬಂದು ಸೋದರಮಾವನ ಎರಡೂ ಕೈಯಲ್ಲಿ ಕೂತಿತು. ಸಾಬರ ಕೋಟು ಹಿಡಿದಿದ್ದ ನನಗೆ, ಈಗ ಏಟು ಬೀಳುವುದು ಮೊದಲು ನನಗೇ ಎಂದು ಖಾತ್ರಿಯಾಯಿತು. ಸೋದರಮಾವ ಪೇಟ ನೋಡಿದ, ಕುದುರೆ ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಏ ಸಾಬಣ್ಣಾ! ಇನ್ನೊಮ್ಮೆ ನಿಂದರ್ಸು!"

ಕಲ್ಯಾಣ ಮಂಟಪ ಮುಟ್ಟುವುದರೊಳಗೆ ಏಳು ಸಲ ನಿಲ್ಲಿಸಬೇಕಾಯಿತು. ಕೊನೆಗೆ ಮದುವೆ ಮಾಡಿಸುವ ಅಯ್ಯನವರೇ ಹೊರಗೆ ಬಂದು, ಮುಹೂರ್ತ ನಿಮ್ಮ ಕೈ ನೋಡಿಕೊಂಡು ನಿಲ್ಲುವುದಿಲ್ಲ ಎಂದರು.

ಈ ಗದ್ದಲದಲ್ಲಿ ಉಸ್ತಾದರು ಇರಲಿಲ್ಲ. ಕುರಿಗಳ ಹಿಂದೆ ಹೋಗಿಬಿಟ್ಟಿದ್ದರು. ಊರ ಹೊರಗಿನ ಬೇವಿನ ಮರದ ಕೆಳಗೆ ಸಿಕ್ಕರು. ಜೊತೆಗೆ ಮಸರಕಲ್ಲಿನ ಹುಲಿಗೆವ್ವ, ಅರವತ್ತು ದಾಟಿದವಳು, ಎಂಬತ್ತು ಕುರಿಗಳ ಒಡತಿ. ನನ್ನನ್ನು ಕಂಡೊಡನೆ ಕೇಳಿದಳು: "ಯಪ್ಪಾ, ಈತಗ ಟಗರು ಬೇಕೋ, ಮರಿ ಬೇಕೋ? ಆಗಿಂದ ಕೇಳಾಕತ್ತೀನಿ, ಸಾಕು ಸಾಕು ಅಂತಾನ!"

ಅವರಿಗೆ ಬೇಕಾದದ್ದು ಆ ಕೂಗು. ಮುಂದೆ ಎಷ್ಟೋ ಶನಿವಾರ ನಾವಿಬ್ಬರೂ ಬಸ್ಸು ಹತ್ತಿ ಮಸರಕಲ್ಲಿಗೆ ಹೋದೆವು. ಹುಲಿಗೆವ್ವ ಕೂಗುವಳು, ಎಂಬತ್ತು ತಲೆ ಒಮ್ಮೆಗೇ ತಿರುಗುವವು. ಉಸ್ತಾದರು ಅದೇ ಸ್ವರ, ಅದೇ ಜಾರು, ಒಂದು ಎಳೆ ತಪ್ಪದಂತೆ ಕೂಗುವರು. ಒಂದು ಕುರಿಯೂ ಮೇವಿನಿಂದ ಮೂತಿ ಎತ್ತದು. ಮೂರನೆಯ ವಾರ ಹುಲಿಗೆವ್ವಳಿಗೇ ಕನಿಕರವಾಯಿತು.

"ಯಪ್ಪಾ, ನಿನ್ನ ದನಿ ನನಗಿಂತ ಚೆಂದ ಅದ. ಆದ್ರ ನೀ ಹಾಡಾಕತ್ತೀ. ಕರಿಯಾಕತ್ತಿಲ್ಲ."

ಇದನ್ನು ಅನುವಾದಿಸಿದಾಗ ಅವರು ಬದುವಿನ ಮೇಲೆ ಕೂತುಬಿಟ್ಟರು. ನಲವತ್ತು ವರ್ಷ ವಿದ್ಯಾರ್ಥಿಗಳಿಗೆ ಏನು ತಪ್ಪಾಗುತ್ತಿದೆ ಎಂದು ಹೇಳಲು ಹೆಣಗಿದ್ದೇನೆ, ಈ ಮಾತು ಸಿಕ್ಕಿರಲಿಲ್ಲ ಎಂದರು. ಎದ್ದು ಹುಲಿಗೆವ್ವಳ ಎದುರು ನಡುಬಗ್ಗಿಸಿ ನಮಸ್ಕರಿಸಿದರು. ಅವಳು "ಏ ಬಿಡ್ತು ಅನ್ನು, ಹಿರ್ಯಾ ಮನಷ್ಯಾ" ಎಂದು ಹಿಂದೆ ಸರಿದಳು. ಐದನೆಯ ವಾರ ಅವರ ಕೂಗಿಗೆ ಒಂದು ಕುರಿ ತಲೆ ಎತ್ತಿ ನೋಡಿತು. ಅಲ್ಲಿಂದಲೇ ಮಗಳಿಗೆ ಫೋನು ಮಾಡಿ ಕೂಗಿಕೊಂಡರು. ಐದು ಸಿಂಫನಿಗೂ ಅವರು ಅಷ್ಟು ಹಿಗ್ಗಿರಲಿಕ್ಕಿಲ್ಲ. ಹುಲಿಗೆವ್ವ ನನ್ನ ಕಡೆ ಬಾಗಿ, "ಅದು ಕಿವುಡು ಕುರಿ, ತಾನ ತಿರುಗಿತು," ಎಂದಳು. "ಏನಂದರು?" ಎಂದು ಉಸ್ತಾದರು ಕೇಳಿದರು. ತುಂಬ ಸಂತೋಷವಾಯಿತಂತೆ ಎಂದೆ. ದುಭಾಷಿಯಾಗಿ ನಾನು ಬೇಕೆಂದೇ ಮಾಡಿದ ತಪ್ಪು ಅದೊಂದೇ.

ದೇವದುರ್ಗದ ಮದುವೆಯ ವಿಡಿಯೋ ಊರೂರು ಸುತ್ತಿತು. ಮಾನ್ವಿಯಿಂದ, ಸಿರವಾರದಿಂದ, "ಆ ನಿಂದರಸೋ ಬ್ಯಾಂಡು ಬೇಕು" ಎಂದು ಜನ ಬಂದರು. ಹಿತ್ತಾಳೆ ಗುಜರಿಗೆ ಹೋಗಲಿಲ್ಲ. ಧೈರ್ಯ ಬಂದು ಸಾಬರು ಒಂದು ದಿನ ಹೆಂಡತಿಗೆ ಹಲ್ಲಿನ ವಿಷಯ ಹೇಳಿದರು. ಆಕೆ, "ಎರಡು ವರ್ಷದಿಂದ ರೊಟ್ಟಿ ಹಾಲಿನ್ಯಾಗ ನೆನಿಸಿ ಕೊಡಾಕತ್ತೀನಿ, ಯಾಕಂತ ತಿಳ್ಕೊಂಡಿದ್ರಿ?" ಎಂದರಂತೆ. ಬ್ಯಾಂಡಿನವರಿಗೆ ಹೇಳಿದರು. ಅವರೆಲ್ಲ ನೆಲ ನೋಡಿದರು. ಕ್ಲಾರ್ನೆಟ್ಟಿನವನು ಕೆಮ್ಮಿ, "ಹಿರೇಕೊಟ್ನೆಕಲ್ಲಿನ್ಯಾಗ ಅಕ್ಷತಾ ತಟ್ಟಿಯಿಂದ ಆರಿಸಿ ನಿಮ್ಮ ಜೇಬಿಗೆ ಹಾಕಿದಾವ ನಾನ ಅಲ್ಲೇನ್ರಿ ಮಾಮು," ಎಂದ.

ಮಗಳ ಕೆಲಸ ಮುಗಿದು ಅವರು ಹೊರಟ ದಿನ ಇಡೀ ಬ್ಯಾಂಡು ಕೆಂಪು ಕೋಟು ಹಾಕಿಕೊಂಡು ರೈಲ್ವೆ ಪ್ಲಾಟ್‌ಫಾರಮ್ಮಿಗೆ ಬಂತು. ನುಡಿಸಿದರು. ಸಾಬರ ಕೈ ಮೇಲೇರಿ ಎಲ್ಲ ನಿಂತ ಹೊತ್ತಿಗೇ ಧ್ವನಿವರ್ಧಕದ ಹೆಣ್ಣುದನಿ, ಗಾಡಿ ಇಪ್ಪತ್ತು ನಿಮಿಷ ತಡವಾಗಿ ಬರಲಿದೆ ಎಂದು ಮೂರು ಭಾಷೆಯಲ್ಲಿ ಹೇಳಿತು. ಸಾಬರು ಮೂರೂ ಭಾಷೆ ಮುಗಿಯುವ ತನಕ ಕೈ ಇಳಿಸಲಿಲ್ಲ. ಉಸ್ತಾದರು ಕಣ್ಣೊರೆಸಿಕೊಳ್ಳುತ್ತಿದ್ದರು, ನಗುವಿಗೋ ಇನ್ನೊಂದಕ್ಕೋ ನಾನು ಕೇಳಲಿಲ್ಲ.

ಕಳೆದ ಚಳಿಗಾಲದಲ್ಲಿ ಮಗಳ ಸಂದೇಶ ಬಂತು. ಅಪ್ಪ ನಿದ್ದೆಯಲ್ಲೇ ಹೋದರು. ಸಾಬರ ಅಂಗಡಿಗೆ ಹೋಗಿ ಹೇಳಿದೆ. ಅವರು ಅಂಗಡಿಯ ಬಾಗಿಲನ್ನು ಅರ್ಧ ಎಳೆದರು. ಆಮೇಲೆ ಕೇಳಿದರು, "ಅಲ್ಲಿ ಮಣ್ಣು ಕೊಡಾಕ ನೆಲ ಅಗೀಲಿಕ್ಕೆ ಬರತದೇನ್ರಿ, ಅಷ್ಟು ಬರ್ಫಿನ್ಯಾಗ?" ಅವತ್ತು ಅವರನ್ನು ಕಾಡಿದ್ದು ಅದೊಂದೇ.

ಒಂದು ತಿಂಗಳಾದಮೇಲೆ ಮಗಳು ಮತ್ತೆ ಬರೆದಳು. ಅಪ್ಪ ಕಲಿಸಿದ ಶಾಲೆಯವರು ಅವರ ಎಲ್ಲ ರಚನೆಗಳ ಪಟ್ಟಿ ಮಾಡುತ್ತಿದ್ದಾರೆ. ರಾಯಚೂರಿನ ಎರಡು ವರ್ಷದ ಜಾಗ ಖಾಲಿ ಬಿಟ್ಟಿದ್ದಾರೆ, ಏಕೆಂದರೆ ಕಾಗದದ ಮೇಲೆ ಏನೂ ಇಲ್ಲ. ಈ ಸುದ್ದಿ ಕೇಳಿ ಸಾಬರಿಗೆ ಸಿಟ್ಟು ಬಂತು. "ಖಾಲಿ? ನಾವು ಹನ್ನೆರಡು ಮಂದಿ ಸತ್ತೀವೇನು?" ಮುಂದಿನ ಭಾನುವಾರವೇ ಮಸರಕಲ್ಲಿನ ಬೀಳು ಹೊಲದಲ್ಲಿ, ಹುಲಿಗೆವ್ವಳನ್ನೂ ನಿಲ್ಲಿಸಿಕೊಂಡು, ನನ್ನ ಫೋನಿನಲ್ಲಿ ರೆಕಾರ್ಡು ಮಾಡಿ ಕಳಿಸಿದೆವು. ಕೃತಿಯ ಹೆಸರೇನು ಎಂದು ಶಾಲೆಯವರು ಕೇಳಿದರು. ಉಸ್ತಾದರು ಹೆಸರಿಟ್ಟಿರಲಿಲ್ಲ. ಬ್ಯಾಂಡಿನವರು ಕರೆಯುತ್ತಿದ್ದುದನ್ನೇ ಕೊಟ್ಟೆವು. ಈಗ ಆ ದೇಶದ ಪಟ್ಟಿಯಲ್ಲಿ ಐದು ಸಿಂಫನಿಗಳ ಕೆಳಗೆ "ಕುದುರಿ ನಿಂತದ್ದು" ಎಂಬ ಕೃತಿ ಅಚ್ಚಾಗಿದೆ. ಹನ್ನೊಂದು ವಾದ್ಯ ಮತ್ತು ಒಂದು ಕುರಿ ಕರೆಯುವ ಕಂಠಕ್ಕೆ.

ಅಷ್ಟಕ್ಕೇ ಮುಗಿಯಲಿಲ್ಲ. ಅಲ್ಲಿನ ವಿದ್ಯಾರ್ಥಿಗಳು ಅದನ್ನು ಕಲಿಯಲು ಹೊರಟರು. ನಡುವಿನ ಮೌನ ಎಷ್ಟು ಸೆಕೆಂಡು ಎಂದು ಬರೆದು ಕೇಳಿದರು. ಸಾಬರು ಆ ಪ್ರಶ್ನೆಗೆ ಅಡ್ಡಡ್ಡ ತಲೆಯಾಡಿಸಿದರು. "ಅದು ಬರಿಯೋದಲ್ರಿ ಸರ್. ಎದುರಿಗಿದ್ದವ್ರ ಮುಖ ನೋಡಿ ತಿಳ್ಕೋಬೇಕು. ಫೋನ್ ಹಚ್ರಿ, ತೋರಸ್ತೀನಿ."

ಮೊನ್ನೆ ಮಧ್ಯಾಹ್ನ ನಮ್ಮ ಮನೆಯ ಪಡಸಾಲೆಯಲ್ಲಿ ವಿಡಿಯೋ ಹಚ್ಚಿದೆವು. ಪರದೆಯಲ್ಲಿ ಇಪ್ಪತ್ತು ಚಿಲ್ಲರೆ ಬಿಳಿ ಮುಖಗಳು, ಕೈಯಲ್ಲಿ ವಾದ್ಯ, ಹಿಂದಿನ ಕಿಟಕಿಯಲ್ಲಿ ಹಿಮ. ಇತ್ತ ಇಸ್ತ್ರಿ ಮಾಡಿದ ಕೆಂಪು ಕೋಟಿನಲ್ಲಿ ಸಾಬರು, ಬಾಯಲ್ಲಿ ಹಲ್ಲಿಲ್ಲ. ವಿದ್ಯಾರ್ಥಿಗಳು ನುಡಿಸುತ್ತ ಬಂದರು. ಸಾಬರು ಕೈ ಎತ್ತಿದರು. ಅಲ್ಲಿ ನಿಂತಿತು, ಇಲ್ಲಿಯೂ ನಿಂತಿತು. ನೆಟ್‌ವರ್ಕ್ ಹೋಯಿತೇನೋ ಎಂದು ನಾನು ಫೋನಿನ ಕಡೆ ಕೈ ಚಾಚಿದೆ. ಸಾಬರು ಕಣ್ಣಿನಲ್ಲೇ ಗದರಿಸಿದರು. ಬಹಳ ಹೊತ್ತಾದ ಮೇಲೆ ಕೈ ಇಳಿಸಿದರು, ಆ ದೂರದ ಕೋಣೆ ತುಂಬ ವಾದ್ಯಗಳು ಮೊಳಗಿದವು. ಮುಗಿದಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಗಳು ಒಂದು ಮೂಲೆಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಫೋನು ಆರಿಸಿ, "ಕಲಿತರು ಅನಿಸ್ತದ," ಎಂದೆ.

ಸಾಬರು ಕೋಟಿನ ಗುಂಡಿ ಬಿಚ್ಚುತ್ತ ಸ್ವಲ್ಪ ಯೋಚಿಸಿದರು.

"ಬರೋ ವಾರ ಮತ್ತ ಕರೀರಿ ಸರ್. ಎಡಗಡೆ ಕಡೀಕ ಕುಂತಿದ್ಲಲ್ಲ, ಚಸ್ಮಾದ ಹುಡುಗಿ, ನಡಕ ಉಸಿರು ತಗೊಂಡ್ಲು."